ರಾತ್ರಿ ಎರಡೇ ಚಪಾತಿ, ಬೆಳಿಗ್ಗೆ 160: ಲೋಕಲ್ ಗಾಡಿಯ ದಿನಚರಿಯಲ್ಲಿ ಸಕ್ಕರೆಯ ಲೆಕ್ಕ

ಪ್ರಶ್ನೆ: ನನಗೆ 54 ವರ್ಷ. ಊರು ಕುಂದಾಪುರದ ಕಡೆ; ಮೂವತ್ತು ವರ್ಷಗಳಿಂದ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ, ಕೆಲಸ ಮುಂಬಯಿಯ ಫೋರ್ಟ್‌ನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಯಿತು. ಗ್ಲಿಮೆಪಿರೈಡ್ 2 ಮಿಲಿಗ್ರಾಂ ಮತ್ತು ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಸೇರಿದ ಮಾತ್ರೆಯನ್ನು ಬೆಳಿಗ್ಗೆ ಮತ್ತು ರಾತ್ರಿ ತೆಗೆದುಕೊಳ್ಳುತ್ತೇನೆ. ಅನ್ನ ಬಿಟ್ಟು ಒಂದು ವರ್ಷವಾಯಿತು. ಬೆಳಿಗ್ಗೆ ಆರೂವರೆಗೆ ರಾಗಿ ಗಂಜಿ, ಮಧ್ಯಾಹ್ನ ಒಂದೂವರೆಗೆ ಡಬ್ಬಿಯ ಚಪಾತಿ, ರಾತ್ರಿ ಹತ್ತು ಗಂಟೆಗೆ ಎರಡೇ ಚಪಾತಿ. ಆದರೂ ಖಾಲಿ ಹೊಟ್ಟೆಯ ಸಕ್ಕರೆ 150ರಿಂದ 165 ಇರುತ್ತದೆ, ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.2 ಬಂದಿದೆ. ಶನಿವಾರ ಉಪವಾಸ, ಸಾಬುದಾನಾ ಖಿಚಡಿ ಮಾತ್ರ. ಸಹೋದ್ಯೋಗಿಯೊಬ್ಬರು ಒಂದು ಪುಡಿ ಕೊಟ್ಟು, ಮಾತ್ರೆ ನಿಲ್ಲಿಸಿ ಎನ್ನುತ್ತಿದ್ದಾರೆ. ಇನ್ನು ನಾನು ಏನನ್ನು ಬಿಡಬೇಕು? ಕಳೆದ ತಿಂಗಳು ಸಂಜೆ ಗಾಡಿ ಕುರ್ಲಾದ ಹತ್ತಿರ ಬಹಳ ಹೊತ್ತು ನಿಂತಾಗ ಕೈಕಾಲು ನಡುಗಿ ಬೆವರು ಕಿತ್ತುಕೊಂಡು ಬಂತು. ಕುರ್ಲಾದಲ್ಲಿ ಇಳಿದು ಎರಡು ವಡಾಪಾವ್ ತಿಂದ ಮೇಲೆ ನಿಧಾನವಾಗಿ ಸರಿಯಾಯಿತು. ಮನೆಗೆ ಬಂದು ನೋಡಿದರೆ 240!

ಉತ್ತರ: ತಾವು ಪತ್ರದ ಕೊನೆಗೆ ಬರೆದಿರುವುದನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ಏಕೆಂದರೆ 8.2 ಎಂಬ ಅಂಕಿಯಿಂದ ಆಗುವ ಹಾನಿ ವರ್ಷಗಳ ಲೆಕ್ಕದ್ದು, ಕುರ್ಲಾದಲ್ಲಿ ಆದದ್ದು ನಿಮಿಷಗಳ ಲೆಕ್ಕದ್ದು.

ಆ ಸಂಜೆ ತಮಗೆ ಆದದ್ದು ಬಹುಮಟ್ಟಿಗೆ ಸಕ್ಕರೆ ಇಳಿದದ್ದೇ. ಗ್ಲಿಮೆಪಿರೈಡ್ ಮೇದೋಜ್ಜೀರಕವನ್ನು ಒತ್ತಾಯಿಸಿ ಇನ್ಸುಲಿನ್ ಸುರಿಸುವ ಮಾತ್ರೆ. ಅದರ ಪ್ರಭಾವ ಹೆಚ್ಚುಕಡಿಮೆ ಇಡೀ ದಿನ ಇರುತ್ತದೆ, ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ಎಂದು ಅದು ಕಾಯುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ತೀರ ಕಡಿಮೆ. ತಾವು ಮಧ್ಯಾಹ್ನ ಒಂದೂವರೆಗೆ ಉಂಡವರು ಮತ್ತೆ ಉಣ್ಣುವುದು ರಾತ್ರಿ ಹತ್ತಕ್ಕೆ. ಎಂಟೂವರೆ ಗಂಟೆಗಳ ಈ ಖಾಲಿ ಹೊತ್ತಿನ ನಡುವೆ ಫೋರ್ಟ್‌ನಿಂದ ಸಿಎಸ್‌ಎಂಟಿ ಸ್ಟೇಷನ್ನಿನವರೆಗೆ ಬಿರುಸಿನ ನಡಿಗೆ, ಆಮೇಲೆ ಗಾಡಿಯೊಳಗೆ ನಿಂತೇ ಪ್ರಯಾಣ. ಗಾಡಿ ತಡವಾಗದ ದಿನ ದೇಹ ಹೇಗೋ ಸುಧಾರಿಸಿಕೊಂಡು ಹೋಗಿದೆ, ತಡವಾದ ದಿನ ತಾಳಲಿಲ್ಲ.

ಇನ್ನು ಆ ವಡಾಪಾವ್. ಇಳಿದ ಸಕ್ಕರೆಯನ್ನು ಏರಿಸಲು ಬೇಕಾದದ್ದು ಬಾಯಿಗೆ ಹಾಕಿದ ಕೂಡಲೇ ರಕ್ತ ಸೇರುವ ಸಕ್ಕರೆ. ವಡೆಯ ಎಣ್ಣೆ ಹೊಟ್ಟೆ ಬರಿದಾಗುವುದನ್ನೇ ನಿಧಾನಗೊಳಿಸುತ್ತದೆ. ಆದ್ದರಿಂದ ಮೊದಲ ಹತ್ತು ಹದಿನೈದು ನಿಮಿಷ ನಡುಕ ನಿಲ್ಲುವುದಿಲ್ಲ, ಆ ಗಾಬರಿಯಲ್ಲಿ ಎರಡನೆಯದೂ ಹೊಟ್ಟೆ ಸೇರುತ್ತದೆ, ಗಂಟೆ ಕಳೆದ ಮೇಲೆ ಎರಡು ಪಾವ್‌ಗಳ ಮೈದಾ ಮತ್ತು ಅಷ್ಟೂ ಆಲೂಗಡ್ಡೆ ಒಟ್ಟಿಗೆ ರಕ್ತಕ್ಕಿಳಿಯುತ್ತದೆ. ಜೊತೆಗೆ, ಇಳಿದ ಸಕ್ಕರೆಯನ್ನು ಎತ್ತಲು ದೇಹ ತಾನೇ ಸುರಿಸಿದ ಹಾರ್ಮೋನುಗಳೂ ಸೇರಿಕೊಳ್ಳುತ್ತವೆ. ಮನೆಯಲ್ಲಿ ತಾವು ಕಂಡ 240 ಹುಟ್ಟಿದ್ದು ಹೀಗೆ. ಅದನ್ನು ನೋಡಿ ಹೆದರಿ ಆ ರಾತ್ರಿ ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿ ಮಲಗಿದ್ದರೆ ಇನ್ನೂ ಅಪಾಯವಿತ್ತು.

ಇನ್ನು ಮುಂದೆ ಅಂಗಿಯ ಜೇಬಿನಲ್ಲಿ ಗ್ಲುಕೋಸ್ ಪುಡಿಯ ಸಣ್ಣ ಪೊಟ್ಟಣ ಇರಲಿ. ಬ್ಯಾಗಿನಲ್ಲಿಟ್ಟರೆ ಉಪಯೋಗವಿಲ್ಲ, ಸಂಜೆಯ ಗಾಡಿಯಲ್ಲಿ ಬ್ಯಾಗು ಎಲ್ಲೋ ಮೇಲಿನ ಕಂಬಿಯ ಮೇಲಿರುತ್ತದೆ, ತಾವು ಎಲ್ಲೋ ಇರುತ್ತೀರಿ. ನಡುಕ, ಬೆವರು, ಇದ್ದಕ್ಕಿದ್ದಂತೆ ಹಸಿವು, ಕಾರಣವಿಲ್ಲದ ಸಿಟ್ಟು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದು ಕಂಡರೂ 15 ಗ್ರಾಂ, ಅಂದರೆ ಮಟ್ಟವಾದ ಮೂರು ಚಹಾ ಚಮಚದಷ್ಟು ಗ್ಲುಕೋಸ್ ಅಥವಾ ಸಾದಾ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಿ. ಹದಿನೈದು ನಿಮಿಷ ತಡೆದು ನೋಡಿ. ಕಡಿಮೆಯಾಗದಿದ್ದರೆ ಇನ್ನೊಮ್ಮೆ ಅಷ್ಟೇ. ಸಕ್ಕರೆ ಅಳೆಯುವ ಯಂತ್ರ ಕೈಯಲ್ಲಿದ್ದರೆ 70ಕ್ಕಿಂತ ಕೆಳಗಿರುವುದನ್ನು ಖಚಿತಪಡಿಸಿಕೊಳ್ಳಬಹುದು, ಇಲ್ಲದಿದ್ದರೆ ಅದಕ್ಕಾಗಿ ಕಾಯಬಾರದು. ಸುಧಾರಿಸಿದ ಮೇಲೆ ಊಟಕ್ಕೆ ಇನ್ನೂ ಗಂಟೆಗಟ್ಟಲೆ ಇದ್ದರೆ ಎರಡು ಬಿಸ್ಕತ್ತು, ಒಂದು ಮುಷ್ಟಿ ಚನಾ ತಿನ್ನಿ. ಸಕ್ಕರೆಯಿಲ್ಲದ ಡಯಟ್ ಪಾನೀಯ ಈ ಹೊತ್ತಿಗೆ ನೀರಿಗೆ ಸಮ. ನಡುಕ ಶುರುವಾದಾಗ ಬಾಗಿಲಲ್ಲಿ ನಿಂತಿದ್ದರೆ ಮೊದಲು ಒಳಗೆ ಸರಿಯಿರಿ, ಪಕ್ಕದವರಿಗೆ ಹೇಳಿ ಕುಳಿತುಕೊಳ್ಳಿ. ರೈಲ್ವೆ ಪಾಸಿನ ಕವರಿನೊಳಗೆ, ತಮಗೆ ಮಧುಮೇಹವಿದೆ, ಮಾತ್ರೆ ಇಂಥದ್ದು, ಮನೆಯ ಫೋನ್ ಸಂಖ್ಯೆ ಇಂಥದ್ದು ಎಂದು ಮರಾಠಿಯಲ್ಲಿ ಬರೆದ ಚೀಟಿಯೊಂದಿರಲಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕೆಂಬುದನ್ನೂ ಅದರಲ್ಲೇ ಬರೆಯಿರಿ.

ಈಗ ತಮ್ಮ ಮೂಲ ಪ್ರಶ್ನೆಗೆ ಬರೋಣ. ತಾವು ಬೆಳಗಿನ ಅಂಕಿಯನ್ನೇ ನೋಡುತ್ತಾ ರಾತ್ರಿಯ ಚಪಾತಿಯ ಮೇಲೆ ಸಂಶಯಪಟ್ಟಿದ್ದೀರಿ. ಲೆಕ್ಕಪತ್ರದವರಾದ್ದರಿಂದ ತಮಗೆ ಈ ಲೆಕ್ಕವನ್ನೇ ಮುಂದಿಡುತ್ತೇನೆ. ಎಚ್‌ಬಿಎ1ಸಿ ಎಂಬುದು ಹಿಂದಿನ ಎರಡು ಮೂರು ತಿಂಗಳ ಸರಾಸರಿ, 8.2 ಎಂದರೆ ಹಗಲು ರಾತ್ರಿ ಸೇರಿ ಸರಾಸರಿ ಸುಮಾರು 189. ತಮ್ಮ ಬೆಳಗಿನ ಅಂಕಿ 150ರಿಂದ 165. ಸರಾಸರಿ 189 ಬರಬೇಕಾದರೆ ದಿನದ ಉಳಿದ ಹೊತ್ತಿನಲ್ಲಿ ಸಕ್ಕರೆ 200 ದಾಟಿ ಗಂಟೆಗಟ್ಟಲೆ ನಿಂತಿರಲೇಬೇಕು. ಅಂದರೆ ತಾವು ಅಪರಾಧಿಯೆಂದು ಹಿಡಿದಿರುವ ಬೆಳಗಿನ ಸಕ್ಕರೆಯೇ ತಮ್ಮ ದಿನದ ಕಡಿಮೆ ಅಂಕಿಗಳಲ್ಲಿ ಒಂದು. ಸೋರಿಕೆ ಬೇರೆಲ್ಲೋ ಇದೆ, ಅಲ್ಲಿ ತಾವು ಒಮ್ಮೆಯೂ ಅಳೆದು ನೋಡಿಲ್ಲ.

ಅದನ್ನು ಹುಡುಕಲು ಜೋಡಿಯಾಗಿ ಅಳೆಯಬೇಕು. ಒಂದು ಹೊತ್ತಿನ ಊಟವನ್ನು ಆರಿಸಿಕೊಳ್ಳಿ. ಉಣ್ಣುವ ಮುಂಚೆ ಒಮ್ಮೆ, ಮೊದಲ ತುತ್ತು ಇಟ್ಟ ಗಳಿಗೆಯಿಂದ ಎರಡು ಗಂಟೆಗೆ ಇನ್ನೊಮ್ಮೆ. ದಿನಕ್ಕೆ ಒಂದೇ ಜೋಡಿ ಸಾಕು, ಸ್ಟ್ರಿಪ್‌ಗಳ ಖರ್ಚೂ ನೋಡಬೇಕಲ್ಲ. ಸೋಮವಾರ ಬೆಳಗಿನ ಗಂಜಿ, ಮಂಗಳವಾರ ಮಧ್ಯಾಹ್ನದ ಡಬ್ಬಿ, ಬುಧವಾರ ರಾತ್ರಿಯೂಟ, ಹೀಗೆ ಸುತ್ತಿ ಬಂದರೆ ಎರಡು ವಾರದಲ್ಲಿ ಚಿತ್ರ ಸಿಗುತ್ತದೆ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನ ಚೌಕದಲ್ಲೇ ಬರೆದಿಡಿ. ಮೊಬೈಲಿನಲ್ಲಿ ಬರೆದದ್ದನ್ನು ಯಾರೂ ಮತ್ತೆ ತೆರೆದು ನೋಡಿದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಮುಂಚೆ 80ರಿಂದ 130, ಊಟದ ಎರಡು ಗಂಟೆಯ ನಂತರ 180ರೊಳಗೆ ಎಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ಎರಡರ ನಡುವಿನ ಏರಿಕೆ 50ರ ಆಸುಪಾಸಿನಲ್ಲಿದ್ದರೆ ಆ ಊಟ ತಮಗೆ ಒಗ್ಗಿದೆ ಎಂದೂ, 80 ಅಥವಾ 90 ದಾಟಿದರೆ ಅದರ ಪ್ರಮಾಣವನ್ನೋ ಜೊತೆಗಾರ ಪದಾರ್ಥವನ್ನೋ ಬದಲಿಸಬೇಕೆಂದೂ ನಾನು ಲೆಕ್ಕ ಹಿಡಿಯುತ್ತೇನೆ.

ಅಳೆಯುವ ಮುಂಚೆ ಸಾಬೂನಿನಿಂದ ಕೈ ತೊಳೆದು ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಬೆರಳನ್ನು ಹಾಗೆಯೇ ಚುಚ್ಚಿ, ಇಲ್ಲದ 60 ಅಂಕಿಗಳನ್ನು ಹೆಚ್ಚಿಗೆ ಕಂಡು, ಬೆಳಗಿನ ಜಾವ ನನಗೆ ಫೋನ್ ಮಾಡಿದವರಿದ್ದಾರೆ. ಮುಂಬಯಿಯ ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ತೇವ ಹಿಡಿದು ಅಂಕಿ ಏರುಪೇರಾಗುತ್ತದೆ. ಒಳ್ಳೆಯ ಯಂತ್ರವೂ ಪ್ರಯೋಗಾಲಯದ ಅಂಕಿಗಿಂತ ಶೇಕಡಾ 15ರಷ್ಟು ಆಚೆ ಈಚೆ ತೋರಿಸಬಹುದು, ಆದ್ದರಿಂದ 152ಕ್ಕೂ 160ಕ್ಕೂ ವ್ಯತ್ಯಾಸ ಹುಡುಕಬೇಡಿ.

ನನ್ನ ಊಹೆಯಲ್ಲಿ ದೊಡ್ಡ ಸೋರಿಕೆ ಬೆಳಿಗ್ಗೆ ಆರೂವರೆಯ ಗಂಜಿಯಲ್ಲಿದೆ. ರಾಗಿಯ ಮೇಲೆ ನನಗೆ ಗೌರವವಿದೆ, ಸುಣ್ಣದಂಶಕ್ಕೂ ನಾರಿಗೂ ಅದು ಅಕ್ಕಿಗಿಂತ ಎಷ್ಟೋ ಮೇಲು. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿಯೂ 65 ಗ್ರಾಂಗೆ ಕಡಿಮೆಯಿಲ್ಲದ ಪಿಷ್ಟವಿದೆ. ಅದನ್ನು ನುಣ್ಣಗೆ ಬೀಸಿ, ನೀರಿನಲ್ಲಿ ಕುದಿಸಿ, ಜಗಿಯುವ ಕೆಲಸವೂ ಇಲ್ಲದಂತೆ ಮಾಡಿ ದೊಡ್ಡ ಲೋಟದಲ್ಲಿ ಕುಡಿದರೆ ಅದು ನೇರ ರಕ್ತಕ್ಕಿಳಿಯುತ್ತದೆ. ಕಾಳಾಗಿದ್ದಾಗ ಇದ್ದ ಬಿಗಿ ಗಂಜಿಯಲ್ಲಿ ಉಳಿದಿರುವುದಿಲ್ಲ. ಕುಚ್ಚಲಕ್ಕಿ ಗಂಜಿಗೂ ಈ ಮಾತು ಸಲ್ಲುತ್ತದೆ. ಬೆಲ್ಲ ಹಾಕುತ್ತೀರೋ ಇಲ್ಲವೋ ತಾವು ಬರೆದಿಲ್ಲ. ಹಾಕುತ್ತಿದ್ದರೆ, ಸಕ್ಕರೆಗೂ ಬೆಲ್ಲಕ್ಕೂ ಬಣ್ಣ ಮತ್ತು ವಾಸನೆಯಲ್ಲಿರುವಷ್ಟು ವ್ಯತ್ಯಾಸ ರಕ್ತದಲ್ಲಿ ಇಲ್ಲ. ಗಂಜಿಯ ಬದಲು ಹೆಸರುಕಾಳಿನ ದೋಸೆ ಎರಡು, ಅಥವಾ ಎರಡು ಇಡ್ಲಿಗೆ ಒಂದು ಬಟ್ಟಲು ತರಕಾರಿ ತುಂಬಿದ ಸಾಂಬಾರು, ಅಥವಾ ಎರಡು ಮೊಟ್ಟೆಯ ಜೊತೆ ಒಂದು ರಾಗಿ ರೊಟ್ಟಿ, ಇವನ್ನು ತಿಂದು ಒಂದೊಂದು ದಿನ ಜೋಡಿ ಅಳತೆ ಮಾಡಿ ನೋಡಿ. ಯಾವುದು ತಮ್ಮದು ಎಂಬುದನ್ನು ಯಂತ್ರ ಹೇಳಲಿ, ನಾನು ಇಲ್ಲಿ ಕುಳಿತು ಹೇಳುವುದು ಸರಿಯಲ್ಲ.

ಎರಡನೆಯ ಸೋರಿಕೆಯನ್ನು ತಾವು ಪತ್ರದಲ್ಲಿ ಬರೆದೇ ಇಲ್ಲ. ಫೋರ್ಟ್‌ನ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರ ದಿನಚರಿಯಲ್ಲಿ ಚಹಾದ ಹೆಸರೇ ಇಲ್ಲವೆಂದರೆ ನಾನು ನಂಬಲಾರೆ! ಅರ್ಧ ಲೋಟದ ಕಟಿಂಗ್ ಚಹಾ ಒಂದಕ್ಕೆ ಸಕ್ಕರೆ ಒಂದೂವರೆ ಚಮಚ ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ ಐದು ಕಟಿಂಗ್ ಆದರೆ ಏಳೂವರೆ ಚಮಚ, ಅಂದರೆ 30 ಗ್ರಾಂಗೂ ಮಿಕ್ಕಿ ಬರಿಯ ಸಕ್ಕರೆ. ಸಣ್ಣ ಲೋಟವಾದ್ದರಿಂದ ಇದು ಯಾರ ಲೆಕ್ಕಕ್ಕೂ ಬರುವುದಿಲ್ಲ, ಕಚೇರಿಯ ಚಿಲ್ಲರೆ ಖರ್ಚಿನ ಹಾಗೆ. ಚಹಾವಾಲನಿಗೆ ಫೀಕಾ, ಅಂದರೆ ಸಕ್ಕರೆಯಿಲ್ಲದ್ದು, ಎಂದು ಹೇಳಿದರೆ ಬಹುತೇಕ ಕಡೆ ಮಾಡಿಕೊಡುತ್ತಾರೆ. ಕೆಟಲ್ಲಿನಲ್ಲೇ ಸಕ್ಕರೆ ಕುದಿದಿರುವ ಕಡೆ ಐದನ್ನು ಎರಡಕ್ಕೆ ಇಳಿಸುವುದೊಂದೇ ದಾರಿ. ಮೊದಲ ಹತ್ತು ದಿನ ಸಪ್ಪೆ ಎನಿಸುತ್ತದೆ, ಆಮೇಲೆ ಹಳೆಯ ಚಹಾವೇ ಪಾನಕದಂತೆ ಕಾಣುತ್ತದೆ.

ಅನ್ನವನ್ನು ತಾವು ಮತ್ತೆ ತಟ್ಟೆಗೆ ತಂದುಕೊಳ್ಳಬಹುದು. ಒಂದು ಸಣ್ಣ ಸ್ಟೀಲ್ ವಾಟಿಯಷ್ಟು (ಬಟ್ಟಲಿನಷ್ಟು), ಅಂದರೆ ಸುಮಾರು 100 ಗ್ರಾಂ ಅನ್ನದಲ್ಲಿ 28 ಗ್ರಾಂ ಪಿಷ್ಟವಿದೆ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ 20 ಗ್ರಾಂ. ಮಧ್ಯಾಹ್ನ ಡಬ್ಬಿಯಲ್ಲಿ ನಾಲ್ಕು ಚಪಾತಿ ತಿಂದು, ಅನ್ನ ಬಿಟ್ಟಿದ್ದೇನೆ ಎಂದು ಸಮಾಧಾನಪಟ್ಟುಕೊಳ್ಳುವವರು ಒಂದು ವಾಟಿ ಅನ್ನ ಉಣ್ಣುವವರಿಗಿಂತ ಎರಡು ಮೂರು ಪಟ್ಟು ಪಿಷ್ಟ ತಿಂದಿರುತ್ತಾರೆ. ಅನ್ನ ಕುಖ್ಯಾತವಾದದ್ದು ಅದನ್ನು ಬಡಿಸುವ ನಮ್ಮ ಕೈಯಿಂದ. ಕರಾವಳಿಯ ಮನೆಗಳಲ್ಲಿ ತಟ್ಟೆಯ ಮುಕ್ಕಾಲು ಭಾಗ ಅನ್ನ, ಅಂಚಿನಲ್ಲಿ ಪಲ್ಯ. ಅದನ್ನು ತಿರುಗಿಸಿ. ಅರ್ಧ ತಟ್ಟೆ ಬಸಳೆ, ಅಲಸಂಡೆ, ತೊಂಡೆ, ಹೀರೆ. ಕಾಲು ಭಾಗ ಹುರುಳಿಯೋ ಹೆಸರೋ ಬಂಗುಡೆಯೋ. ಉಳಿದ ಕಾಲು ಅನ್ನ. ತಿನ್ನುವ ಅನುಕ್ರಮವೂ ಮುಖ್ಯ: ಪಲ್ಯ ಮತ್ತು ಮೀನನ್ನು ಮೊದಲು ತಿಂದು, ಅನ್ನವನ್ನು ಕೊನೆಗೆ ಉಂಡರೆ ಅದೇ ಊಟಕ್ಕೆ ಸಕ್ಕರೆ ಕಡಿಮೆ ಏರುತ್ತದೆ. ಮೀನು ಸಕ್ಕರೆ ಏರಿಸುವುದಿಲ್ಲ, ರವೆ ಹಚ್ಚಿ ಕರಿದಾಗ ಆ ರವೆ ಮತ್ತು ಎಣ್ಣೆ ಲೆಕ್ಕಕ್ಕೆ ಬರುತ್ತವೆ. ಮನೆಯವರಿಗೂ ತಮಗೂ ಎರಡು ಅಡುಗೆ ಮಾಡುವ ಕಷ್ಟ ಒಂದು ವರ್ಷದಿಂದ ನಡೆದಿರಬೇಕು, ಅದು ನಿಂತರೆ ಅಷ್ಟೇ ಒಳ್ಳೆಯದು.

ರಾತ್ರಿಯ ಊಟದ ತೊಂದರೆ ಚಪಾತಿಯ ಸಂಖ್ಯೆಯಲ್ಲಿ ಇದ್ದಂತಿಲ್ಲ, ಅದರ ಹೊತ್ತಿನಲ್ಲಿದೆ. ಹತ್ತಕ್ಕೆ ಉಂಡು ಹನ್ನೊಂದಕ್ಕೆ ಮಲಗಿದರೆ ಆ ಪಿಷ್ಟವನ್ನು ಸುಡಲು ಸ್ನಾಯುಗಳು ಅಲುಗಾಡುವುದೇ ಇಲ್ಲ. ಆಫೀಸಿಗೆ ಎರಡು ಡಬ್ಬಿ ಒಯ್ಯಿರಿ ಎಂದು ನನ್ನ ಸಲಹೆ. ಸಣ್ಣ ಡಬ್ಬಿಯಲ್ಲಿ ರಾತ್ರಿಯ ಆ ಎರಡು ಚಪಾತಿಗಳಲ್ಲಿ ಒಂದು, ಒಣ ಪಲ್ಯ, ಒಂದು ಮುಷ್ಟಿ ನೆನೆಸಿದ ಕಡಲೆ ಉಸಲಿ. ಅದನ್ನು ಸಂಜೆ ಆರೂವರೆಗೆ, ಕಚೇರಿಯಿಂದ ಹೊರಡುವ ಮುಂಚೆ ತಿಂದುಬಿಡಿ. ಮನೆಗೆ ಬಂದ ಮೇಲೆ ಇನ್ನೊಂದು ಚಪಾತಿ ಅಥವಾ ಅರ್ಧ ವಾಟಿ ಅನ್ನ, ತೊವ್ವೆ, ತರಕಾರಿ, ಮಜ್ಜಿಗೆ. ಚಪಾತಿಯ ಲೆಕ್ಕ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ, ಎರಡಾಗಿ ಒಡೆದಿದೆ ಅಷ್ಟೇ. ಕುರ್ಲಾದ ನಡುಕಕ್ಕೂ ಇದೇ ಔಷಧ.

ಇಷ್ಟಾದರೂ ಬೆಳಗಿನ ಅಂಕಿ ಇಳಿಯದಿದ್ದರೆ, ರಜೆಯ ಹಿಂದಿನ ರಾತ್ರಿ ಆರಿಸಿಕೊಂಡು ಮೂರು ಬಾರಿ ಅಳೆಯಿರಿ: ಮಲಗುವಾಗ, ನಸುಕಿನ ಮೂರಕ್ಕೆ, ಎದ್ದ ಕೂಡಲೇ. ಮಲಗುವಾಗಲೇ 200 ಇದ್ದು ಬೆಳಿಗ್ಗೆ 160 ಆದರೆ ತಪ್ಪು ಊಟದ ಹೊತ್ತಿನದು. ಮಲಗುವಾಗ 140, ಮೂರಕ್ಕೆ 130, ಬೆಳಿಗ್ಗೆ 165 ಎಂದಾದರೆ ಅದು ಬೆಳಗಿನ ಜಾವ ದೇಹ ಏಳುವ ಸಿದ್ಧತೆಯಲ್ಲಿ ಕಾರ್ಟಿಸೋಲ್ ಮುಂತಾದ ಹಾರ್ಮೋನುಗಳನ್ನು ಬಿಟ್ಟು, ಯಕೃತ್ತು ತನ್ನ ದಾಸ್ತಾನಿನಿಂದ ಗ್ಲುಕೋಸ್ ಹೊರಹಾಕಿದ್ದರ ಫಲ. ರಾತ್ರಿ ಉಪವಾಸವಿದ್ದರೂ ಅದು ಏರುತ್ತದೆ, ಆಗ ಮಾಡಬೇಕಾದದ್ದು ಔಷಧದ ಹೊಂದಾಣಿಕೆಯೇ. ಮೂರಕ್ಕೆ 70ಕ್ಕಿಂತ ಕೆಳಗಿದ್ದರೆ ರಾತ್ರಿಯ ಗ್ಲಿಮೆಪಿರೈಡ್ ತಮಗೆ ಹೆಚ್ಚಾಗುತ್ತಿದೆ. ಬೆಳಗಿನ ಅಂಕಿಯನ್ನು ನೋಡಿ ಮಾತ್ರೆ ಹೆಚ್ಚಿಸಿಕೊಳ್ಳುವುದು ಆಗ ಘಾತಕ.

ನಡಿಗೆಯ ವಿಷಯ. ವಾರಕ್ಕೆ 150 ನಿಮಿಷ ಎಂಬ ಮಾತು ಎಲ್ಲರಿಗೂ ಬಾಯಿಪಾಠವಾಗಿದೆ, ಮುಂಬಯಿಯಲ್ಲಿ ಯಾರಿಗೂ ಆ 150 ನಿಮಿಷ ಒಟ್ಟಿಗೆ ಸಿಗುವುದಿಲ್ಲ. ಅದನ್ನು ಊಟಗಳ ಬೆನ್ನಿಗೆ ಕಟ್ಟಿ. ಮಧ್ಯಾಹ್ನ ಡಬ್ಬಿ ಮುಗಿಸಿ ಹತ್ತು ನಿಮಿಷ ಫೋರ್ಟ್‌ನ ಕಮಾನುಗಳ ನೆರಳಿನಲ್ಲಿ, ರಾತ್ರಿ ಉಂಡು ಹದಿನೈದು ನಿಮಿಷ ಸೊಸೈಟಿಯ ಕಾಂಪೌಂಡಿನೊಳಗೆ. ನಡೆಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಹಾಗಾಗಿ ಏರುತ್ತಿರುವ ಸಕ್ಕರೆಗೆ ಊಟದ ನಂತರದ ಹತ್ತು ನಿಮಿಷ ಸಲ್ಲುವಷ್ಟು ಮುಂಜಾನೆಯ ನಡಿಗೆ ಸಲ್ಲುವುದಿಲ್ಲ. ಡೊಂಬಿವಲಿ ಸ್ಟೇಷನ್ನಿನಿಂದ ಮನೆಗೆ ಶೇರ್ ರಿಕ್ಷಾ ಹಿಡಿಯುವ ಅಭ್ಯಾಸವಿದ್ದರೆ ವಾರಕ್ಕೆ ಮೂರು ದಿನ ಬಿಡಿ.

ಶನಿವಾರದ ಉಪವಾಸವನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಸಾಬುದಾನಾ ಬಿಡಿ ಎಂದು ಹೇಳುತ್ತೇನೆ. ಅದು ಮರಗೆಣಸಿನ ಅಪ್ಪಟ ಪಿಷ್ಟ. ಒಣ ಸಾಬುದಾನಾದ 100 ಗ್ರಾಂನಲ್ಲಿ 85 ಗ್ರಾಂಗೂ ಹೆಚ್ಚು ಪಿಷ್ಟ, ಪ್ರೋಟೀನು ಇಲ್ಲವೇ ಇಲ್ಲವೆನ್ನಬಹುದು, ಮೇಲೆ ಆಲೂಗಡ್ಡೆ ಬೇರೆ. ವ್ರತಕ್ಕೆ ಒಪ್ಪುವುದಾದರೆ ರಾಜಗಿರಾ (ದಂಟಿನ ಬೀಜ) ಹಿಟ್ಟಿನ ಥಾಲಿಪೀಠ ಒಂದು, ಮೊಸರು, ಹುರಿದ ಶೇಂಗಾ, ಸೌತೆಕಾಯಿ, ಒಂದು ಪೇರಲೆ ಹಣ್ಣು. ರಾಜಗಿರಾ ಚಿಕ್ಕಿ ಮಾತ್ರ ಬೇಡ, ಅದು ಬೆಲ್ಲದ ಹಲಗೆ. ಇದಕ್ಕಿಂತ ದೊಡ್ಡ ಮಾತು ಅಂದಿನ ಮಾತ್ರೆಯದು: ಬೆಳಿಗ್ಗೆ ಎಂದಿನಂತೆ ಗ್ಲಿಮೆಪಿರೈಡ್ ನುಂಗಿ ಮಧ್ಯಾಹ್ನದವರೆಗೆ ಏನೂ ತಿನ್ನದಿರುವುದು ಕುರ್ಲಾದ ಘಟನೆಯನ್ನು ಪ್ರತಿ ಶನಿವಾರ ಮನೆಗೆ ಕರೆದಂತೆ. ಉಪವಾಸದ ದಿನ ಯಾವ ಮಾತ್ರೆ, ಎಷ್ಟು, ಯಾವಾಗ ಎಂದು ತಮ್ಮ ವೈದ್ಯರಿಂದ ಚೀಟಿಯ ಮೇಲೆ ಬರೆಸಿಕೊಳ್ಳಿ.

ಪುಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೆಂತ್ಯದ ನಾರಿಗೆ ಸಕ್ಕರೆಯ ಏರಿಕೆಯನ್ನು ಸ್ವಲ್ಪ ತಗ್ಗಿಸುವ ಗುಣವಿದೆ, ಹಾಗಲಕಾಯಿ ಒಳ್ಳೆಯ ತರಕಾರಿ. ಎರಡನ್ನೂ ಅಡುಗೆಯಲ್ಲಿ ಬಳಸಿ. ಏನೇನು ಸೇರಿದೆ ಎಂದು ಬರೆಯದ ಪುಡಿಯನ್ನು ಮುಟ್ಟಬೇಡಿ. ಅಂಥ ಕೆಲವು ಪುಡಿಗಳಲ್ಲಿ ಸಕ್ಕರೆ ಇಳಿಸುವ ಮಾತ್ರೆಯನ್ನೇ ಅರೆದು ಸೇರಿಸಿದ್ದು ಪತ್ತೆಯಾಗಿದೆ. ಸಹೋದ್ಯೋಗಿಗೆ ಗುಣ ಕಂಡದ್ದು ಆ ಕಾರಣಕ್ಕೂ ಇರಬಹುದು. ಮಾತ್ರೆಯನ್ನು ತಾವಾಗಿ ನಿಲ್ಲಿಸುವ ಪ್ರಶ್ನೆಯೇ ಇಲ್ಲ.

ಮಳೆ ಶುರುವಾಗುವ ಮುಂಚೆ ಪಾದಗಳ ಕಡೆ ಒಮ್ಮೆ ನೋಡಿ. ಹಳಿಗಳ ಮೇಲೆ ನೀರು ನಿಂತು ಗಾಡಿ ನಿಂತ ದಿನ ಮೊಣಕಾಲು ನೀರಿನಲ್ಲಿ ನಡೆಯದ ಮುಂಬಯಿಗರಿಲ್ಲ. ಪಾದದ ಸ್ಪರ್ಶ ಕುಂದಿದ ಮಧುಮೇಹಿಗೆ ಆ ನೀರಿನೊಳಗಿನ ಗಾಜಿನ ಚೂರು ಚುಚ್ಚಿದ್ದೇ ತಿಳಿಯುವುದಿಲ್ಲ. ಬರಿಗಾಲಲ್ಲಿ ಇಳಿಯಬೇಡಿ, ಕಚೇರಿಯ ಡ್ರಾಯರಿನಲ್ಲಿ ಒಂದು ಜೊತೆ ಒಣ ಕಾಲುಚೀಲ ಇಡಿ, ಮನೆಗೆ ಬಂದು ಬೆರಳ ಸಂದುಗಳನ್ನು ತೊಳೆದು ಒರೆಸಿ, ಅಂಗಾಲನ್ನು ಮನೆಯವರಿಗೆ ತೋರಿಸಿ. ಗಾಯವಿದ್ದ ಕಾಲಿನಲ್ಲಿ ಕೊಳಕು ನೀರಿಗೆ ಇಳಿದಿದ್ದರೆ ಇಲಿಜ್ವರ ತಡೆಯುವ ಮಾತ್ರೆಗಾಗಿ ಒಂದೆರಡು ದಿನದೊಳಗೇ ಹತ್ತಿರದ ದವಾಖಾನೆಗೆ ಹೋಗಿ. ಪಾದ ಜೋಮು ಹಿಡಿದಂತೆ ಇದ್ದರೆ ಬಿ12 ಜೀವಸತ್ವದ ರಕ್ತಪರೀಕ್ಷೆಯೂ ಆಗಲಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಅದು ಇಳಿಯುವುದುಂಟು, ಅದನ್ನು ಸಕ್ಕರೆಯ ನರದೌರ್ಬಲ್ಯವೆಂದೇ ತಿಳಿದು ಕುಳಿತವರನ್ನು ನಾನು ಕಂಡಿದ್ದೇನೆ. ಎಂಟು ವರ್ಷದಲ್ಲಿ ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡಿಸಿದ್ದೀರಾ, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಪರೀಕ್ಷೆಯಾಗಿದೆಯಾ ಎಂದು ತಾವು ತಿಳಿಸಿಲ್ಲ. ಎರಡೂ ವರ್ಷಕ್ಕೊಮ್ಮೆ ಆಗಬೇಕಾದವು.

ಎರಡು ವಾರದ ಜೋಡಿ ಅಳತೆ ಬರೆದ ಕ್ಯಾಲೆಂಡರಿನ ಹಾಳೆಯ ಫೋಟೋ ತೆಗೆದುಕೊಂಡು ತಮ್ಮ ವೈದ್ಯರ ಬಳಿ ಹೋಗಿ, ಕುರ್ಲಾದ ಘಟನೆಯನ್ನು ಮೊದಲ ಮಾತಾಗಿಯೇ ಹೇಳಿ. ಗ್ಲಿಮೆಪಿರೈಡ್ ಇಳಿಸಿ ಮೆಟ್‌ಫಾರ್ಮಿನ್ ಏರಿಸಬಹುದೇ, ಸಕ್ಕರೆಯನ್ನು ಹೀಗೆ ಕುಸಿಯಗೊಡದ ಬೇರೆ ಮಾತ್ರೆ ತಮಗೆ ಹೊಂದುತ್ತದೆಯೇ ಎಂದು ಕೇಳಿ. ಅದಕ್ಕೆ ಮೂತ್ರಪಿಂಡದ ಕ್ರಿಯಾಟಿನಿನ್ ಅಂಕಿ ಬೇಕಾಗುತ್ತದೆ, ಆ ವರದಿಯನ್ನೂ ಜೊತೆಗೆ ಒಯ್ಯಿರಿ.